ನಮ್ಮ ಬೋರ್ಡಿಂಗಿನ ಬೇರೆ ಒಲೆ

ಅಥವಾ ಒಲೆ ಎರಡು ಇರಲಿಲ್ಲವೇನೋ. ಒಂದೇ ಒಲೆಯ ಎರಡು ಬಾಯಿಗಳ ನಡುವೆ ಯಾರೋ ಮೊಣಕಾಲೆತ್ತರದ ಮಣ್ಣಿನ ಗೋಡೆ ಎಬ್ಬಿಸಿದ್ದರೇನೋ. ಕಣ್ಣು ಮುಚ್ಚಿದರೆ ಹೊಗೆ ಕಾಣುತ್ತದೆ, ಹೊಗೆಯಾಚೆ ಅಡುಗೆಯವನ ಬೆನ್ನು ಕಾಣುತ್ತದೆ, ಒಲೆ ಕಾಣುವುದಿಲ್ಲ. ಆ ಬೆನ್ನಾದರೂ ಅವನದೇ ಎಂದು ಹೇಗೆ ಹೇಳಲಿ? ನಮ್ಮೂರಿನ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವನ ಬೆನ್ನೂ ಹಾಗೇ ಇತ್ತು. ಆದರೂ ‘ಬೇರೆ ಒಲೆ’ ಎಂದು ಬರೆದವನು ನಾನು. ಅದನ್ನು ಈಗ ಯಾರು ಬೇಕಾದರೂ ಓದಬಹುದು.

ಬರೆದದ್ದು ಅಂತರ್ಜಾಲದ ವಿಶ್ವಕೋಶದಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ನಾವು ತಾಲೂಕು ಕಚೇರಿಗೆ ತಮಿಳಿನಲ್ಲಿ ಅರ್ಜಿ ಬರೆದು, ಬಟ್ಟೆಗೂ ಔಷಧಿಗೂ ಚಾಮರಾಜನಗರಕ್ಕೆ ಹೋಗುವ ಜನ. ನಾನು ನಮ್ಮೂರು ಗೆಟ್ಟವಾಡಿಯಿಂದ ಬಸ್ಸು ಹತ್ತಿ ಚಾಮರಾಜನಗರದ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೆ. ವಾಪಸ್ಸಿನ ಬಸ್ಸಿಗೆ ಹೊತ್ತಿದ್ದರೆ ಬ್ರೌಸಿಂಗ್ ಸೆಂಟರಿನಲ್ಲಿ ಕೂರುತ್ತಿದ್ದೆ. ಒಂದು ದಿನ ಸುಮ್ಮನೆ ನಾನು ಓದಿದ ಶಾಲೆಯ ಹೆಸರು ಹಾಕಿ ಹುಡುಕಿದೆ. ಎರಡೇ ವಾಕ್ಯ ಸಿಕ್ಕವು. ಬೆಟ್ಟದ ಸೀಮೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳು ನಡೆಸುತ್ತಿದ್ದ ಗಂಡುಹುಡುಗರ ಶಾಲೆ, ಈಗ ಮುಚ್ಚಿದೆ. ಕೆಳಗೆ, ಈ ಲೇಖನ ತೀರ ಚಿಕ್ಕದು, ಬೆಳೆಸಲು ನೆರವಾಗಿ ಎಂಬ ಕೋರಿಕೆ.

ಬೆಳೆಸಿದೆ. ಕಟ್ಟಡ, ಪಾಠ, ಆಟ, ಬೋರ್ಡಿಂಗ್ ಎಂದು ತಲೆಬರಹ ಕೊಟ್ಟೆ. ಬೋರ್ಡಿಂಗಿನ ಕೆಳಗೆ ಹೀಗೆ ಬರೆದೆ: ‘ಲಿಂಗ ಕಟ್ಟುವ ಮನೆತನಗಳ ಹುಡುಗರಿಗೆ ಇಲ್ಲಿ ಬೇರೆ ಒಲೆ ಇತ್ತು. ಎಲ್ಲರ ಆಚಾರವನ್ನೂ ಗೌರವಿಸಿದ ಶಾಲೆಯ ವಿಶಾಲ ಮನಸ್ಸಿಗೆ ಇದು ಸಾಕ್ಷಿ.’ ನಾನು ಅಂಥ ಮನೆಯವನು. ಚರ್ಚಿನ ಬೆಳಗಿನ ಪೂಜೆಯ ಗಂಟೆ ಹೊಡೆಯುವ ಮೊದಲೇ ನಾವು ಕೆಲವರು ಜಗಲಿಯ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಹಿಡಿದು, ವಿಭೂತಿ ಹಚ್ಚಿಕೊಳ್ಳುತ್ತಿದ್ದೆವು. ಚರ್ಚಿಗೆ ಹೊರಟ ಫಾದರ್ ನಮ್ಮನ್ನು ಕಂಡರೆ ಜಗಲಿ ಇಳಿದು, ಅಂಗಳದಲ್ಲಿ ಸುತ್ತು ಹಾಕಿ ಹೋಗುತ್ತಿದ್ದರು. ಇದು ನನಗೆ ಖಂಡಿತ ನೆನಪಿದೆ. ಖಂಡಿತ ಎನ್ನುವುದು ನನ್ನ ಮಟ್ಟಿಗೆ ಅಪಾಯದ ಮಾತು, ಆದರೂ ಇರಲಿ.

ವಿಶ್ವಕೋಶ ನೆನಪನ್ನು ಒಪ್ಪುವುದಿಲ್ಲ. ಅಚ್ಚಾದ ಆಧಾರ ಬೇಕು. ನನ್ನ ಹತ್ತಿರ ಇತ್ತು: ಶಾಲೆ ಇನ್ನೂ ನಡೆಯುತ್ತಿದ್ದಾಗ, ಅದರ ಹಬ್ಬಕ್ಕೆಂದು ಅಚ್ಚಾದ ಸ್ಮರಣ ಸಂಚಿಕೆ. ಅದರಲ್ಲಿ ಬೋರ್ಡಿಂಗಿನ ಬಗ್ಗೆ ಒಂದು ಲೇಖನ, ಅದರಲ್ಲಿ ಆ ಒಲೆ. ಆ ಲೇಖನ ಬರೆದವನೂ ನಾನೇ. ನನ್ನ ಮಾತಿಗೆ ನನ್ನನ್ನೇ ಸಾಕ್ಷಿಗೆ ಕರೆದೆ. ಆಗ ಅದು ಜಾಣತನ ಅನ್ನಿಸಿತು.

ಸ್ವಲ್ಪ ದಿನದ ಮೇಲೆ ನನ್ನ ವಾಕ್ಯಗಳ ಕೆಳಗೆ ಇನ್ನೆರಡು ವಾಕ್ಯ ಬಂದು ಕೂತಿದ್ದವು. ಬರೆದವರ ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ‘ಆ ಒಲೆಗೆ ಸೌದೆ ಒಡೆಯುತ್ತಿದ್ದ ಹುಡುಗರು ಆ ಅಡುಗೆಮನೆಯೊಳಗೆ ಕಾಲಿಡುವಂತಿರಲಿಲ್ಲ. ಸೌದೆಯನ್ನು ಹೊಸಿಲಾಚೆ ಹಾಕಿ ಬರಬೇಕಿತ್ತು.’

ಅಳಿಸಿದೆ. ಕಾರಣ ಕೇಳುವ ಜಾಗದಲ್ಲಿ ‘ಆಧಾರವಿಲ್ಲ’ ಎಂದು ಬರೆದೆ. ಆ ವಾಕ್ಯಗಳು ಮತ್ತೆ ಬಂದವು. ಮತ್ತೆ ಅಳಿಸಿದೆ. ಯಾರೆಂದು ಗೊತ್ತಿಲ್ಲದೆ ಅಳಿಸಿದೆ, ನಿಯಮ ಪಾಲಿಸಿದೆ, ಅಷ್ಟೆ.

ಈಗ ಬರೆದ ಈ ಮಾತು ಅರ್ಧ ಮಾತ್ರ ನಿಜ. ಬೋರ್ಡಿಂಗಿನಲ್ಲಿ ಸೌದೆ ಒಡೆದ ಹುಡುಗರು ಹಲವರಿದ್ದರು. ಆ ವಾಕ್ಯಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದ ಮುಖ ಮಾತ್ರ ಒಂದೇ.

ಆ ಮುಖ ತಾಳವಾಡಿ ಬಸ್ ನಿಲ್ದಾಣದಲ್ಲಿ ಎದುರಾಯಿತು. ತಾಳಮಲೆ ಕಡೆಯವನು, ನನ್ನ ಜೊತೆ ಓದಿದವನು. ನಮ್ಮಂಥವರ ಮನೆಯೊಳಗೆ ಆಗ ಬರುವಂತಿಲ್ಲದವರ ಕೇರಿಯಲ್ಲಿ ಹುಟ್ಟಿ, ಈಗ ಹಾಸನೂರಿನ ಹತ್ತಿರ ಮೇಷ್ಟ್ರಾಗಿದ್ದ. ವಿಶ್ವಕೋಶದಲ್ಲಿ ನಾನು ಹೆಸರಿನ ಬದಲು ಊರನ್ನೇ ಇಟ್ಟುಕೊಂಡಿದ್ದೆ. ಅವನಿಗೆ ಹುಡುಕುವ ಕಷ್ಟವೇ ಇರಲಿಲ್ಲ.

“ಏನ್ಲಾ ಗೆಟ್ಟವಾಡಿ, ನಾ ಬರ್ದಂಗೆಲ್ಲಾ ಅಳುಸ್ಕಂಡು ಬತ್ತಾ ಇದ್ದೀಯಂತೆ?” ಎಂದ. ನಗುತ್ತಲೇ ಎರಡು ಟೀ ಹೇಳಿದ.

“ಅಲ್ಲಿ ಆಧಾರ ಕೇಳ್ತಾರೆ ಕಣ. ನಾನೇನು ಮಾಡ್ಲಿ?”

“ನಿಂಗೆ ಯಾವ್ ಆಧಾರ ಸಿಕ್ತು?”

“ಸ್ಮರಣ ಸಂಚಿಕೆ.”

“ಅದ ಬರ್ದೋರ್ಯಾರು?”

ಟೀ ಬಿಸಿಯಿತ್ತು. ಊದಿ ಕುಡಿಯುವುದರಲ್ಲಿ ನಾನು ಮುಳುಗಿದೆ.

“ಸರಿ ಬುದ್ಧಿ, ತಾವು ಏಳುದ್ ಮೇಲೆ ಆಯ್ತು” ಎಂದು ಬೆನ್ನು ಬಗ್ಗಿಸಿ ಕೈಮುಗಿದ. ಅವರಪ್ಪ ನಮ್ಮಂಥವರ ಮುಂದೆ ನಿಲ್ಲುತ್ತಿದ್ದದ್ದು ಹಾಗೆ. ಅಂಗಡಿಯವನು ನಕ್ಕ, ನಾನೂ ನಕ್ಕೆ. ಅವನು ಮಾತ್ರ ಆಗ ನಗಲಿಲ್ಲ. “ನನ್ ಮಗ್ಳು ಅದ ಪ್ರಿಂಟ್ ತಕ್ಕಂಡು ಬಂದವ್ಳೆ ಕಣ್ಲಾ, ಅವ್ಳ ಸ್ಕೂಲ್ಗೆ. ಓದ್ಬುಟ್ಟು, ‘ಅಪ್ಪಾ, ನಿಮ್ ಕಾಲ್ದಲ್ಲಿ ಎಲ್ಲಾರ್ನೂವೆ ಎಷ್ಟ್ ಚೆಂದಾಗಿ ನೋಡ್ಕತಿದ್ರು’ ಅಂದ್ಲು. ಅಚ್ಚಾಗಿರೋದು ಸುಳ್ಳು ಅಂತ ನಾ ಎಂಗ್ಲಾ ಏಳ್ಲಿ, ಮೇಷ್ಟ್ರಾಗಿ? ಒಂದ್ ಸಾಲು ಕೇಳ್ದೆ. ಒಂದೇ ಒಂದ್ ಸಾಲು.”

“ನೀನೇ ಪತ್ರಿಕೆಗೆ ಬರಿ. ಅಚ್ಚಾಗ್ಲಿ. ಅದನ್ನೇ ಆಧಾರ ಅಂತ ನಾನು ಹಾಕ್ತೀನಿ.”

“ನಾ ಯಾಕ್ ಬರೀಲಿ? ಬ್ಯಾರೆ ಒಲೆ ಕೇಳ್ದೋರು ನೀವು. ನೀವೇ ಬರ್ಕಳಿ.” ಅವನ ಬಸ್ಸು ಬಂತು. ಟೀ ದುಡ್ಡನ್ನು ನನಗೆ ಕೊಡಲು ಬಿಡಲಿಲ್ಲ.

ಕೇಳಿದವರು ನಾವು? ಬಸ್ಸಿನಲ್ಲಿ ಕೂತು ನಾನು ಕೋಪ ಮಾಡಿಕೊಂಡೆ. ಒಲೆ ಫಾದರ್ ಕೊಟ್ಟದ್ದು ಎಂದು ನಾನು ನಂಬಿಕೊಂಡೇ ಬೆಳೆದಿದ್ದೆ. ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ಅವ್ವನನ್ನು ಕೇಳಿದೆ.

“ಅಯ್ಯೋ, ಫಾದರ್ಗೇನು ಗ್ರಾಚಾರವ?” ಎಂದಳು ಅವ್ವ. “ನಿಮ್ಮಪ್ಪೋರು ಇನ್ನೂ ನಾಕ್ ಜನ ಯಜಮಾನ್ರು ಗಾಡಿ ಕಟ್ಕಂಡು ಓಗಿ, ಬ್ಯಾರೆ ಒಲೆ ಊಡುದ್ರೆ ಮಕ್ಕಳ ಬುಡ್ತೀವಿ, ಇಲ್ದಿದ್ರೆ ಕರ್ಕಂಡ್ ಓಯ್ತೀವಿ ಅಂದ್ರು. ಆ ಪುಣ್ಯಾತ್ಮ ಆಯ್ತು ಅಂದ್ರಂತೆ.”

ಮಾರನೆಯ ದಿನ ಮತ್ತೆ ಕೇಳಿದೆ. “ನಿಮ್ಮಪ್ಪೋರಲ್ಲ ಕಣ ಮಗ, ನಿಮ್ಮ ದೊಡ್ಡಪ್ಪ ಇರ್ಬೇಕು. ನಿಮ್ಮಪ್ಪೋರು ಅಂಗೆಲ್ಲಾ ಅನ್ನೋರಲ್ಲ” ಎಂದಳು. ಒಂದು ರಾತ್ರಿಯಲ್ಲಿ ಅವಳು ಗಂಡನನ್ನು ಕಾಪಾಡಿಕೊಂಡಿದ್ದಳು. ಅವಳ ಮೇಲೆ ಸಿಟ್ಟಾಗುವ ಯೋಗ್ಯತೆ ನನಗಿರಲಿಲ್ಲ. ನಾನು ಅದೇ ಕೆಲಸವನ್ನು ಅಚ್ಚು ಹಾಕಿಸಿ ಮಾಡಿದ್ದೆ. ನಮ್ಮವರು ಹೆದರಿಸಿ ಪಡೆದದ್ದನ್ನು ಇನ್ನೊಬ್ಬರ ದೊಡ್ಡತನ ಎಂದು ಹೊಗಳಿ, ಆ ಹೊಗಳಿಕೆಯ ನೆರಳಿನಲ್ಲಿ ನಾವೂ ನಿಂತುಕೊಂಡಿದ್ದೆವು. ಅಪ್ಪನೂ ದೊಡ್ಡಪ್ಪನೂ ಫಾದರೂ ಆಗಲೇ ತೀರಿಕೊಂಡಿದ್ದರು.

ಬ್ರೌಸಿಂಗ್ ಸೆಂಟರಿಗೆ ಹೋಗಿ ನನ್ನ ಎರಡು ವಾಕ್ಯ ತೆಗೆದೆ, ಅವನ ಎರಡು ವಾಕ್ಯ ಹಾಕಿದೆ. ಮುಂದಿನ ವಾರ ನೋಡಿದರೆ ನನ್ನದು ವಾಪಸ್ಸು ಬಂದಿತ್ತು, ಅವನದು ಹೋಗಿತ್ತು. ನಮ್ಮ ಬೆಟ್ಟ ಕಂಡಿರಲಾರದ ಯಾರೋ ಸಂಪಾದಕರು, ಬಹಳ ಸಭ್ಯವಾಗಿ, ಆಧಾರವಿರುವ ಮಾಹಿತಿಯನ್ನು ಕಾರಣವಿಲ್ಲದೆ ತೆಗೆಯಬಾರದು, ಆಧಾರವಿಲ್ಲದ್ದನ್ನು ಸೇರಿಸಬಾರದು ಎಂದು ನನಗೆ ಬುದ್ಧಿ ಹೇಳಿದ್ದರು. ಸಂಚಿಕೆಯ ಆ ಲೇಖನ ತಪ್ಪು, ಬರೆದವನು ನಾನೇ ಎಂದು ಚರ್ಚೆಯ ಪುಟದಲ್ಲಿ ಹೇಳಿಕೊಂಡೆ. ಅದಕ್ಕೂ ಅಚ್ಚಾದ ಆಧಾರವಿದೆಯೇ ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ನಾನು ಅವನಿಗೆ ಹೇಳಿದ್ದನ್ನೇ ಅವರು ನನಗೆ ಹೇಳಿದರು.

ಇದನ್ನು ಬರೆಯುವ ಹೊತ್ತಿಗೂ ನನ್ನ ವಾಕ್ಯಗಳು ಅಲ್ಲೇ ಇವೆ. ಈ ಬರಹ ಅಚ್ಚಾದರೆ ಆಧಾರವಾದೀತೇನೋ. ಆದರೆ ಇದರಲ್ಲಿ ಗಟ್ಟಿಯಾಗಿರುವುದು ಎಷ್ಟು? ಅವ್ವ ಎರಡು ದಿನ ಎರಡು ಹೆಸರು ಹೇಳಿದಳು. ನನಗೆ ಕಂಡದ್ದು ಹೊಗೆ. ಸೌದೆ ಹಾಕಿ ಬಂದವನು ಮಾತ್ರ ತಾನು ನಿಂತ ಜಾಗ ಯಾವುದೆಂದು ಒಮ್ಮೆಯೂ ತಡವರಿಸಲಿಲ್ಲ.

ಆಮೇಲೆ ಅವನನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಕೈ ಎತ್ತಿದ, ನಾನೂ ಎತ್ತಿದೆ. ಮಗಳಿಗೆ ಕೊನೆಗೆ ಏನು ಹೇಳಿದ, ಹೇಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳಿಲ್ಲ.