ಕೊಕ್ಕೆಗೆ ನೇತುಬಿದ್ದ ಪ್ರಭು ದಂಪತಿ

ದಳವಾಯಿ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅವನು ಗೆದ್ದ ಯುದ್ಧಗಳೆಲ್ಲ ಮಾಂಸದಂಗಡಿಯ ಮೂರಡಿ ಕೊರಡಿನ ಮೇಲೆ. ಶತ್ರುಗಳೆಲ್ಲ ಮೊದಲೇ ಸತ್ತ ಕುರಿಗಳು. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಮಚ್ಚು ಸಾವಿರಾರು ತೊಡೆಗಳನ್ನು ಸೀಳಿತ್ತು, ಬೆನ್ನುಮೂಳೆಗಳನ್ನು ಲಟಲಟನೆ ಮುರಿದಿತ್ತು. ಆದರೆ ಅವನ ಸ್ವಂತ ಮೈಯಿಂದ ಒಂದು ಹನಿ ರಕ್ತ ಬಿದ್ದಿರಲಿಲ್ಲ. ಬೆಳಗ್ಗೆ ಬಾಗಿಲು ತೆರೆದೊಡನೆ ಗಿರಾಕಿಗಳ ಮುಂದೆ ಹತ್ತೂ ಬೆರಳು ಅಗಲಿಸಿ ತೋರಿಸಿಯೇ ಅವನು ಕೆಲಸಕ್ಕಿಳಿಯುತ್ತಿದ್ದ.

ಇಷ್ಟು ಪರಾಕ್ರಮಕ್ಕೆ ಒಂದೇ ಹುಳುಕು. ಮಚ್ಚು ಅವನದಲ್ಲ, ಮಾವನದು. ಅಂಗಡಿಯೂ ಮಾವನದೇ. ದಳವಾಯಿ ಮನೆ ಅಳಿಯನಾಗಿ ಬಂದವನು. ಮಾವ ತನ್ನ ಕೈಚಳಕವನ್ನೆಲ್ಲ ಧಾರೆ ಎರೆದದ್ದು ಮಗಳಿಗೆ. ಆದರೂ ಮದುವೆಯ ಮರುದಿನ ಮಚ್ಚು ಹಿಡಿದವನು ಅಳಿಯ, ತಕ್ಕಡಿಯ ಮುಂದೆ ಕೂತವಳು ಮಗಳು. ಅಂದಿನಿಂದ ಅವಳ ಕಣ್ಣು ಆ ಮಚ್ಚಿನ ಮೇಲಿಂದ ಕದಲಿರಲಿಲ್ಲ.

ಈ ಬೂದಿ ಮುಚ್ಚಿದ ಕೆಂಡವನ್ನು ಕೆದಕಿದವನು ಅವಳ ತಮ್ಮ, ಹಳೇ ಪೇಪರ್ ವ್ಯಾಪಾರಿ. ಮಾಂಸ ಕಟ್ಟಲೆಂದು ಒಂದು ದಪ್ಪ ಪುಸ್ತಕವನ್ನು ತಂದು ಧೊಪ್ಪೆಂದು ಹಾಕಿದ.

"ಭಾವ, ಇದು ಯಾರೋ ಪ್ರಭು ಮತ್ತವನ ಹೆಂಡ್ತಿ ಜೀವನಚರಿತ್ರೆ. ಅವಳಿಗೆ ದೇಶದ ರಾಜನೇ ಸ್ವಂತ ಸೋದರಮಾವ ಅಂತೆ. ದೊಡ್ಡ ಜನ, ಸ್ವಲ್ಪ ಮರ್ಯಾದೆಯಿಂದ ಹರೀರಿ."

ದಳವಾಯಿ ಮುಂದಿನ ರಟ್ಟಿಗೆ ತೂತು ಕೊರೆದು, ಕುರಿಗಳ ಪಕ್ಕದ ಕೊಕ್ಕೆಗೆ ಪ್ರಭು ದಂಪತಿಯನ್ನೂ ನೇತುಹಾಕಿದ. ಹಾಳೆಯನ್ನು ಹಿಂದಿನಿಂದಲೇ ಕೀಳಬೇಕು. ಕಿತ್ತದ್ದನ್ನು ಓದದೆ ಕೊಡುವುದು ಅವನ ಜಾಯಮಾನವಲ್ಲ. ಹೀಗೆ ಅವನು ಕಥೆಯನ್ನು ಬಾಲದಿಂದ ತಿನ್ನುತ್ತ ಬಂದ. ಹೆಂಡತಿಯಾದರೋ ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಪುಸ್ತಕವನ್ನು ಇಳಿಸಿಕೊಂಡು, ಮೊದಲ ಪುಟದಿಂದ ಒಂದಕ್ಷರ ಬಿಡದೆ ಓದಿ, ಓದಿದ ಹಾಳೆಯನ್ನು ಪೊಟ್ಟಣಕ್ಕೆಂದು ಕಿತ್ತಿಡುವವಳು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು.

ಪ್ರಭು ಪುಸ್ತಕದ ನಡುಮಧ್ಯದಲ್ಲೇ ಕೊಲೆಯಾಗಿದ್ದ. ಹಿಂದಿನ ಅರ್ಧ ಪೂರ್ತಿ ಹೆಂಡತಿಯ ಮೇಲಿನ ವಿಚಾರಣೆ, ಕಡೆಗೆ ಅವಳ ಬಿಡುಗಡೆ. ಓದಿದ ದಳವಾಯಿ ಕೆಂಡವಾದ.

"ನೋಡೇ ಇವಳನ್ನ! ಮಾವ ರಾಜ ಆದ್ರೆ ಗಂಡನ ಕತ್ತು ಕೊಯ್ಬಹುದಾ? ಅವಳೇ ಕೊಂದಿರೋದು, ಸಂಶಯಾನೇ ಇಲ್ಲ."

"ರೀ, ಬಾಲ ಹಿಡ್ಕೊಂಡು ಕುರಿ ಮುಖ ಹೇಗಿದೆ ಅಂತ ಹೇಳಬೇಡಿ. ಮದುವೆಯಾದ ವಾರಕ್ಕೇ ಅವನು ಅವಳ ನಾಯಿನ ಬಾವಿಗೆ ಎಸೆದ, ನಲವತ್ತನೇ ಪುಟ. ಚಾವಟಿಯಲ್ಲಿ ಆಳಿನ ಕಣ್ಣು ಕಿತ್ತ, ಅರವತ್ತೊಂದನೇ ಪುಟ. ಅಂಥವನನ್ನ ಕೊಲ್ಲೋಕೆ ಊರೆಲ್ಲ ಸಾಲು ನಿಂತಿರುತ್ತೆ."

"ಗಂಡ ಅಂದ್ಮೇಲೆ ಸ್ವಲ್ಪ ಕೋಪ ಇರುತ್ತಪ್ಪ!"

ಅರ್ಧ ಕಿಲೋದ ತೂಕದ ಬಟ್ಟು ಗಾಳಿಯಲ್ಲಿ ಹಾರಿ ಬಂತು. ದಳವಾಯಿ ಬಗ್ಗಿದ; ಬೆನ್ನ ಹಿಂದಿನ ಗಾಜು ಚೂರುಚೂರಾಯಿತು. ಪ್ರತ್ಯಸ್ತ್ರವಾಗಿ ಅವನು ಒಂದು ತೊಡೆಮೂಳೆ ಪ್ರಯೋಗಿಸಿದ. ಅದು ಗೋಡೆಗೆ ಬಡಿದು ಚಿಮ್ಮಿ ಅವನದೇ ಹಲ್ಲಿನ ಸಂದಿಯಿಂದ ರಕ್ತ ತರಿಸಿತು. ಮುಂದಿನ ಸುತ್ತಿನಲ್ಲಿ ಹಾರಿದ ಯಕೃತ್ತು ನಿವೃತ್ತ ಮೇಷ್ಟ್ರ ಬೋಳುತಲೆಯ ಮೇಲೆ ಟೋಪಿಯಂತೆ ಕೂತಿತು.

"ನನಗೆ ಕಾಲು ಕಿಲೋ ಸಾಕಿತ್ತಲ್ಲಮ್ಮ," ಎಂದರು ಮೇಷ್ಟ್ರು.

ವಾರಗಟ್ಟಲೆ ಇದೇ ಸಮರ. ಗಿರಾಕಿಗಳಲ್ಲೂ ಎರಡು ಪಕ್ಷವಾಗಿ, ಅಂಗಡಿ ಮುಂದೆ ಕಾಲರ್ ಹರಿದವು, ಒಬ್ಬನ ಹುಬ್ಬು ಒಡೆಯಿತು. ಕೊನೆಗೆ ಹೆಂಡತಿಯೇ ಪಣ ಒಡ್ಡಿದಳು.

"ಅವಳೇ ಕೊಂದಿದ್ದು ಅಂತಾದ್ರೆ ಸಾಯೋವರೆಗೂ ತಕ್ಕಡಿ ಮುಂದೆ ಬಾಯಿ ಮುಚ್ಕೊಂಡು ಕೂರ್ತೀನಿ. ಅಲ್ಲ ಅಂತಾದ್ರೆ ಅಪ್ಪನ ಮಚ್ಚು ನನ್ನ ಕೈಗೆ."

"ಆಯ್ತು ಬಿಡು," ಎಂದ ದಳವಾಯಿ ಮೀಸೆ ತಿರುವಿ.

ಭಾನುವಾರದ ಹೊತ್ತಿಗೆ ಕೊಕ್ಕೆಯಲ್ಲಿ ಕೊಲೆಯ ಹಾಳೆ ಒಂದೇ ಉಳಿದಿತ್ತು. ಯಾರೂ ಮೊದಲೇ ಇಣುಕಬಾರದು. ಹತ್ತು ಗಂಟೆಗೆ ಹೆಂಡತಿಯ ತಮ್ಮ ಬಂದು ಎಲ್ಲರೆದುರು ಓದಬೇಕು ಎಂದು ಮಾತಾಗಿತ್ತು. ಒಂಬತ್ತೂಮುಕ್ಕಾಲಿಗೆ ಅಂಗಡಿ ಕಿಕ್ಕಿರಿದಿತ್ತು. ಎಡಗೈಯಲ್ಲಿ ಹಾಳೆ ಕಿತ್ತು ಕೊರಡಿನ ಮೇಲಿಟ್ಟು ಬಲಗೈಯಲ್ಲಿ ಕಡಿಯುವುದು ದಳವಾಯಿಯ ಇಪ್ಪತ್ತೆಂಟು ವರ್ಷದ ಲಯ. ಪಕ್ಕೆಲುಬು ಕೇಳಿದ ಗಿರಾಕಿಗಾಗಿ ಆ ಎಡಗೈ ತನ್ನ ಪಾಡಿಗೆ ತಾನು ಮೇಲೇರಿತು, ಕಿತ್ತಿತು, ಹಾಸಿತು.

"ಅಯ್ಯೋ, ಹಾಳೆ!" ಹೆಂಡತಿ ಚೀರಿದಳು.

ಮಚ್ಚು ಆಗಲೇ ಇಳಿಯುತ್ತಿತ್ತು. ದಳವಾಯಿಯ ಕಣ್ಣು ಮೂಳೆ ಬಿಟ್ಟು ಅಕ್ಷರದ ಮೇಲೆ ಹೋಯಿತು. ಖಚಕ್! ಎಡಗೈ ಕಿರುಬೆರಳಿನ ತುದಿ ಹಾರಿ ಖೀಮಾ ತಟ್ಟೆಯಲ್ಲಿ ಬಿತ್ತು. ರಕ್ತ ತಕ್ಕಡಿಯವರೆಗೂ ಚಿಲ್ಲೆಂದಿತು. ಇಷ್ಟು ಕುರಿಗಳು ಮಾಡದ ಸದ್ದನ್ನು ದಳವಾಯಿ ಒಬ್ಬನೇ ಮಾಡಿದ.

ಹೆಂಡತಿ ಒಂದೇ ನೆಗೆತಕ್ಕೆ ಕೊರಡು ದಾಟಿ, ಕೈಗೆ ಸಿಕ್ಕ ಆ ಹಾಳೆಯನ್ನೇ ಬೆರಳಿಗೆ ಬಿಗಿದು ಸುತ್ತಿ, ಅವನ ಕತ್ತುಪಟ್ಟಿ ಹಿಡಿದು ಡಾಕ್ಟರ ಬಳಿ ಎಳೆದೊಯ್ದಳು. ಅಲ್ಲಿ ಬಿಚ್ಚಿದಾಗ ಹಾಳೆ ಕೆಂಪು ಮುದ್ದೆಯಾಗಿತ್ತು. ಡಾಕ್ಟರು ಅದನ್ನು ಕಸದ ಬುಟ್ಟಿಗೆ ಹಾಕಿದರು.

ಎರಡು ತಿಂಗಳು ಕೈ ಅಲುಗಾಡಿಸಬಾರದು ಎಂದು ಅಪ್ಪಣೆಯಾಯಿತು. ಮರುದಿನ ತಕ್ಕಡಿಯ ಮುಂದೆ ದಳವಾಯಿ, ಕೊರಡಿನ ಮುಂದೆ ಹೆಂಡತಿ. ನೋವಿಗಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದದ್ದು ಬೇರೆಯೇ.

"ಲೇ, ಬೆರಳು ಕಟ್ಟುವಾಗ ಏನಾದ್ರೂ ಓದಿದ್ಯಾ?"

"ಓದಿದೆ. ಅವಳು ಬಾಗಿಲು ತೆರೆದದ್ದರಿಂದ ಅವನ ಉಸಿರು ನಿಲ್ಲೋವರೆಗೂ."

"ಮತ್ತೆ ಯಾರೇ ಕೊಂದಿದ್ದು?"

"ಕೈ ವಾಸಿಯಾಗ್ಲಿ. ಮಚ್ಚು ವಾಪಸ್ ಕೇಳೋ ದಿನ ಹೇಳ್ತೀನಿ."

ಹಾಗೆಂದು ಅವಳು ಅಪ್ಪನ ಮಚ್ಚನ್ನು ತಲೆಯ ಮೇಲೆತ್ತಿ ಇಳಿಸಿದಳು. ದಳವಾಯಿ ಮೂರು ಏಟಿಗೆ ಮುರಿಯುತ್ತಿದ್ದ ಬೆನ್ನುಮೂಳೆ ಒಂದೇ ಏಟಿಗೆ ಎರಡಾಯಿತು. ಚೂರೊಂದು ಅವನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಯಿತು.

ಎರಡು ತಿಂಗಳಾಯಿತು, ನಾಲ್ಕಾಯಿತು. ಕೈ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದರೂ ದಳವಾಯಿಗೆ ಮಾತ್ರ ಇನ್ನೂ ಸ್ವಲ್ಪ ಸೆಳೆತ ಇದೆಯಂತೆ.