ಸುತ್ತುದಾರಿಯ ಬಾಡಿಗೆ

ಬಾಡಿಗೆ ಡ್ರೈವರ್ ಒಬ್ಬನ ಮೇಲೆ ತೆಗೆದ ಫೈಟಿಂಗ್ ಸಿನಿಮಾವನ್ನು ಹಾಸನದ ಟಾಕೀಸಿನಲ್ಲಿ ನೋಡಿ ಬಂದ ಮಾರನೆಯ ದಿನವೇ ನನಗೆ ಆ ಬಾಡಿಗೆ ಸಿಕ್ಕಿತು. ನಾನು ಆಕ್ಟಿಂಗ್ ಡ್ರೈವರ್. ಅಂದರೆ ಕಾರು ಅವರದು, ಕೈಕಾಲು ನನ್ನದು. ಸಿನಿಮಾದ ಹೀರೋ ಕೂಡ ಅಂಥವನೇ. ಸೇತುವೆ ಮೇಲಿಂದ ಕಾರು ಹಾರಿಸುತ್ತಾನೆ, ಇಳಿದು ಹತ್ತಾರು ಜನಕ್ಕೆ ಬಾರಿಸುತ್ತಾನೆ, ಅಂಗಿ ಮಾತ್ರ ಸುಕ್ಕಾಗುವುದಿಲ್ಲ. ನಮ್ಮ ರೋಡ್ ಹಂಪುಗಳ ಮೇಲೆ ಒಂದು ದಿನ ಬಿಟ್ಟರೆ ಸೊಂಟ ಹಿಡಿದುಕೊಂಡು ಮನೆಗೆ ಹೋಗುತ್ತಾನೆ ಎಂದು ನಗಾಡಿಕೊಂಡೇ ಮಲಗಿದ್ದೆ. ಆದರೆ ಅವನ ಕಾರಿನಲ್ಲಿ ಕೂರುವವರೆಲ್ಲ ಏನಾದರೊಂದು ಮುಚ್ಚಿಟ್ಟುಕೊಂಡವರೇ. ಆ ಅನುಮಾನ ಬೆಳಗ್ಗೆ ನನ್ನ ಜೊತೆಯೇ ಎದ್ದಿತು.

ಫೋನು ಮಾಡಿದ ಯಜಮಾನರು ಗಾಡಿ ಎಷ್ಟು ವರ್ಷದಿಂದ ಓಡಿಸ್ತೀಯ ಎಂದು ಕೇಳಲಿಲ್ಲ.

"ಈ ಕಡೆ ನಿಂಗೆ ನೆಂಟ್ರು ಗಿಂಟ್ರು ಅವ್ರಾ?"

"ಇಲ್ಲ ಸಾ, ನಮ್ದು ಚನ್ನರಾಯಪಟ್ಟಣದತ್ರ ಬಾಗೂರು."

"ಅಂಗಾದ್ರೆ ಬಾ."

ಮಂಡಿನೋವಿನ ಯಜಮಾನರು ಮುಂದೆ ಕೂತರು. ಹಿಂದೆ ಅವರ ಹೆಂಡತಿ, ತೊಡೆಯ ಮೇಲೆ ಟವಲು ಮುಚ್ಚಿದ ಬುಟ್ಟಿ. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಮಗ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಅನ್ನುತ್ತಾರೆ ನಮ್ಮಲ್ಲಿ. ಡ್ರೈವರಿಗೆ ಇದೊಂದು ಫಜೀತಿ. "ದೂರ ಓಗ್ಬೇಕಾ ಸಾ?" ಎಂದೆ. "ನಡಿ, ಏಳ್ತೀನಿ" ಎಂದರು.

ಹಾಸನ ದಾಟುವಾಗ ಅಭ್ಯಾಸಬಲದಿಂದ ಹೊಳೆನರಸೀಪುರದ ರಸ್ತೆಗೆ ತಿರುಗಿಸಲು ಹೋದರೆ ನನ್ನ ಕೈಯನ್ನೇ ಹಿಡಿದುಕೊಂಡರು. "ಅದ್ರಾಗ್ ಬ್ಯಾಡ. ಅರಕಲಗೂಡು ರಸ್ತೆ ಇಡಿ." ಕಿಟಕಿಯ ಗ್ಲಾಸು ಏರಿಸಲು ಹೇಳಿದರು. ಅರಕಲಗೂಡು ಪೇಟೆಯಲ್ಲಿ ಹೆಂಡತಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡರು. ಪೇಟೆ ದಾಟಿದ ಮೇಲೆ ಯಜಮಾನರು ಹಳ್ಳಿಮೈಸೂರಿನ ಕಡೆ ಹೋಗು ಅಂದರು. ಹೊಳೆನರಸೀಪುರದ ಮೇಲೆ ನೆಟ್ಟಗೆ ಹೋಗಬಹುದಾದ ಊರಿಗೆ ಇಷ್ಟು ಸುತ್ತು ಯಾಕೆ? ಆ ಬುಟ್ಟಿಯಲ್ಲೇನಿದೆ? ಪೊಲೀಸರು ಅಡ್ಡಹಾಕಿದರೆ ಮೊದಲು ಸಿಗುವವನು ನಾನು. ಕನ್ನಡಿಯಲ್ಲಿ ನೋಡಿದರೆ ಮಗ ಕಿಟಕಿಯ ಕಡೆ ತಿರುಗಿ ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಇವನನ್ನೇ ಎಲ್ಲಿಗೋ ಸಾಗಿಸುತ್ತಿದ್ದಾರೆ ಅನ್ನಿಸಿ ನನಗೆ ನಿಜವಾಗಿಯೂ ಭಯವಾಯಿತು.

ಯಜಮಾನರು ಮೂತ್ರಕ್ಕೆಂದು ಇಳಿದಾಗ ನಾನು ಟೈರು ನೋಡುವ ನೆಪದಲ್ಲಿ ಇಳಿದೆ. ಮಗ ಹಿಂದೆಯೇ ಬಂದ.

"ಅಣ್ಣ, ಗಾಡಿ ಕೆಟ್ಟೋಯ್ತು ಅಂತ ಏಳ್ಬುಡಿ. ಕಾಲಿಗ್ ಬೀಳ್ತೀನಿ."

"ಯಾಕಪ್ಪ, ಏನ್ ಇಸ್ಯ?"

"ಎಣ್ ನೋಡಕ್ಕೆ ಕರ್ಕಂಡ್ ಓಯ್ತಾವ್ರೆ. ನಾನು ಬ್ಯಾರೆಯವ್ಳನ್ನ ಇಷ್ಟಪಟ್ಟಿದೀನಿ."

"ಅದ್ನ ಮನೇಲಿ ಏಳು. ನಂಗ್ಯಾಕ್ ಏಳ್ತೀಯ? ನಿಂಗೆ ಬಾಯಿಲ್ವಾ?"

ಅವನು ತಲೆ ತಗ್ಗಿಸಿಕೊಂಡು ಹೋಗಿ ಕೂತ. ಕಾರು ಹೊರಟ ಮೇಲೆ ಯಜಮಾನರು ತಾವಾಗಿಯೇ ಬಾಯಿಬಿಟ್ಟರು. ಹೊಳೆನರಸೀಪುರದ ಮೇನ್ ರೋಡಿನಲ್ಲೇ ಅವರ ದಾಯಾದಿಗಳ ಮನೆಯಂತೆ. "ಗಾಡಿ ಕಂಡ್ರೆ ಸಾಕು ಕಣಪ್ಪ, ಸಂಬಂಧಕ್ಕೆ ಕಲ್ಲಾಕ್ಬುಡ್ತಾರೆ." ಬುಟ್ಟಿಯಲ್ಲಿದ್ದದ್ದು ಹಣ್ಣು, ಹೂವು.

ಹುಡುಗಿಯ ಮನೆ ಹಳ್ಳಿಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಅವರೆಲ್ಲ ಒಳಗೆ ಕೂತರು, ನಾನು ಜಗಲಿಯಲ್ಲಿ. ಹುಡುಗಿಯ ಅಪ್ಪ ತಾವೇ ಉಪ್ಪಿಟ್ಟಿನ ತಟ್ಟೆ ತಂದುಕೊಟ್ಟು ಪಕ್ಕದಲ್ಲಿ ಕೂತಾಗಲೇ ನನಗೆ ಗೊತ್ತಾಯಿತು. ಉಪ್ಪಿಟ್ಟು ಸುಮ್ಮನೆ ಬಂದದ್ದಲ್ಲ.

"ಹುಡ್ಗ ಎಂಗೆ? ಕುಡಿಯದು ಗಿಡಿಯದು ಐತಾ? ಗಾಡಿ ಓಡ್ಸೋರ್ಗೆ ಎಲ್ಲಾ ತಿಳ್ದಿರ್ತದೆ."

"ನಾನು ಇವತ್ತೊಂದಿನಕ್ಕೆ ಬಂದೋನು ಸಾ. ನಂಗೇನ್ ಗೊತ್ತು?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಂಗೇ ಏಳು ಅಂತ ಏಳ್ಕೊಟ್ಟವ್ರಾ?"

ಏನು ಹೇಳಿದರೂ ನಂಬುವ ಹಾಗಿರಲಿಲ್ಲ ಅವರು. ಅಷ್ಟರಲ್ಲಿ ಒಳಗೆ ಹುಡುಗನನ್ನು ಯಾರೋ ಕೇಳಿದರು, ಅವನು "ಒಪ್ಪಿಗೆ" ಎಂದ. ಆ ದನಿ ಜಗಲಿಗೂ ಕೇಳಿಸಿತು. ಇವನು ಹೀಗೇ ಒಪ್ಪಿಗೆ ಒಪ್ಪಿಗೆ ಅಂದುಕೊಂಡೇ ತಾಳಿ ಕಟ್ಟಿಬಿಡುತ್ತಾನೆ, ಆಮೇಲೆ ಒಂದು ಹೆಣ್ಣುಮಗು ಜೀವಮಾನವೆಲ್ಲ ಇವನ ಸಪ್ಪೆ ಮುಖ ನೋಡಿಕೊಂಡಿರಬೇಕು ಅನ್ನಿಸಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ.

ಅಪ್ಪ ಎದ್ದು ಒಳಗೆ ಹೋದ ಮೇಲೆ ಹುಡುಗಿ ನನಗೆ ನೀರು ತಂದಳು. ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ. ಚೊಂಬು ಇಟ್ಟು, ದನಿ ತಗ್ಗಿಸಿ ಕೇಳಿದಳು.

"ಅಣ್ಣ, ಅವ್ರು ದಾರೀಲಿ ನಗ್ತಾ ಬಂದ್ರಾ?"

ಕಾರಿನಲ್ಲಿ ಕಂಡದ್ದನ್ನು ಕಾರಿನಲ್ಲೇ ಬಿಡಬೇಕು, ಇಲ್ಲದಿದ್ದರೆ ಈ ಕೆಲಸದಲ್ಲಿ ಅನ್ನ ಹುಟ್ಟುವುದಿಲ್ಲ. ಆದರೆ ಅವಳ ಅಪ್ಪನಿಗೆ ಬಾಯಿಬಿಡದಿದ್ದವನಿಗೆ ಅವಳೆದುರು ಮುಚ್ಚಿಡಲು ಆಗಲಿಲ್ಲ.

"ಇಲ್ಲ ಕಣವ್ವ. ಅಳ್ತಾ ಬಂದ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ "ನಂಗೀ ಸಂಬಂಧ ಬ್ಯಾಡ" ಎಂದದ್ದು ಕೇಳಿಸಿತು. ಯಾಕೆ, ಏನು ಎಂದು ಎಲ್ಲರೂ ಮೇಲೆ ಬಿದ್ದರು. ಅವಳ ತಾಯಿ ನೆಂಟರ ಮುಂದೆ ಮಾನ ಕಳೆದೆಯಲ್ಲೇ ಎಂದು ಬೈದರು. ಅವಳು ನನ್ನ ಹೆಸರೆತ್ತಲಿಲ್ಲ. ಹುಡುಗ ಅತ್ತದ್ದನ್ನೂ ಹೇಳಲಿಲ್ಲ.

ವಾಪಸು ಬರುವಾಗ ಯಜಮಾನರು ಇದು ದಾಯಾದಿಗಳದೇ ಕೆಲಸ ಎಂದು ಹಲ್ಲು ಕಡಿದರು. ಹೆಂಡತಿ ಒಪ್ಪಲಿಲ್ಲ.

"ದಾಯಾದಿಗಳೂ ಅಲ್ಲ, ಯಾರೂ ಅಲ್ಲ. ಆ ಎಣ್ಣಿಗೇ ಏನೋ ಐತೆ. ಯಾವನ್ನೋ ಮಡಿಕ್ಕಂಡವ್ಳೆ. ನಮ್ಮೋರಿಗೆಲ್ಲ ಏಳ್ಬುಡ್ತೀನಿ, ಇನ್ಯಾರೂ ಆ ಬಾಗ್ಲು ತುಳೀಬಾರ್ದು."

ಈಗಲಾದರೂ ಮಗ ಬಾಯಿಬಿಡುತ್ತಾನೆ ಎಂದು ಕಾದೆ. ಬಿಟ್ಟ.

"ನಂಗೂ ಅಂಗೇ ಅನ್ನುಸ್ತು ಕಣವ್ವ."

ನನಗೆ ಮೈಯೆಲ್ಲ ಉರಿದುಹೋಯಿತು. ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ ಹಿಂದಕ್ಕೆ ತಿರುಗಿದೆ.

"ಅವ್ವಾ, ನಿಮ್ ಮಗ ಬೆಳಿಗ್ಗೆಯಿಂದ ಯಾಕ್ ಅಳ್ತಾವ್ನೆ ಅಂತ ಮೊದ್ಲು ಕೇಳಿ. ಆಮ್ಯಾಕೆ ಆ ಮಗೀನ್ ಬಗ್ಗೆ ಮಾತಾಡಿ."

"ಅಳ್ತಿದ್ನಾ? ಯಾಕ್ಲಾ?" ಯಜಮಾನರು ಮಂಡಿನೋವು ಮರೆತು ಹಿಂದಕ್ಕೆ ತಿರುಗಿದರು. ಮಗ ಕರ್ಚೀಫನ್ನು ಜೇಬಿಗೆ ತುರುಕಿಕೊಂಡ.

ಆ ತಾಯಿ ಮಾತ್ರ ಮಗನ ಕಡೆ ನೋಡಲೂ ಇಲ್ಲ, ಬೆಚ್ಚಲೂ ಇಲ್ಲ. ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು.

"ಗಾಡಿ ಓಡ್ಸಪ್ಪ" ಎಂದರು. "ನಿಂಗೆ ಅಷ್ಟೇ ಕೆಲ್ಸ."