ಮುಂಬಯಿಯಿಂದ ದಿಲ್ಲಿಗೆ ನಾಲ್ಕೂವರೆ ತಾಸು

ಮೊದಲು ಒಂದು ತಪ್ಪೊಪ್ಪಿಗೆ. ಬನಹಟ್ಟಿಯ ಸಾಲೆಯಲ್ಲಿ ಹನ್ನೆರಡು ವರ್ಷ ಭೂಗೋಳ ಕಲಿಸಿದ ನಾನು ಮಿರಜಿನಿಂದಾಚೆ ಕಾಲಿಟ್ಟವನಲ್ಲ. ನಕಾಶೆಯ ಮೇಲೆ ಮಾತ್ರ ಬಲು ಧೈರ್ಯಸ್ಥ. ಬೆತ್ತದ ತುದಿಯಿಂದ ಹಿಮಾಲಯ ಹತ್ತಿ, ಗಂಟೆ ಬಾರಿಸುವುದರೊಳಗೆ ಕನ್ಯಾಕುಮಾರಿಗೆ ಇಳಿದುಬಿಡುತ್ತಿದ್ದೆ.

ಇಂಥವನ ಮನೆಗೆ ಒಂದು ಮುಂಜಾನೆ ನಮ್ಮ ಅಕ್ಕ ಗಂಗವ್ವ ಸರಕಾರದ ಕಾಗದ ಹಿಡಿದು ಬಂದಳು. ಓದಿ ಹೇಳಿದೆ. ಅವಳು ನೇಯ್ದ ಸೀರೆ ಮುಂಬಯಿಯ ಅಧಿಕಾರಿಯೊಬ್ಬರ ಮನಸ್ಸಿಗೆ ಬಂದಿತ್ತು. ದಿಲ್ಲಿಯ ಪ್ರದರ್ಶನದಲ್ಲಿ ಜನರೆದುರು ಮಗ್ಗಕ್ಕೆ ಕೂತು ನೇಯ್ದು ತೋರಿಸಬೇಕು, ಜತೆಗೆ ಹಿಂದಿ ಬಲ್ಲ ಒಬ್ಬರು, ಅಂದರೆ ನಾನು, ಬರಬಹುದು, ದಿನ ಕಡಿಮೆಯಿರುವುದರಿಂದ ಮುಂಬಯಿಯಿಂದ ವಿಮಾನ.

"ಎಷ್ಟು ದೂರ ಆಕ್ಕೈತೋ ತಮ್ಮಾ?"

ನಕಾಶೆಯ ಮೇಲೆ ನೂಲಿಟ್ಟು ಅಳೆದೆ. "ಏಳುನೂರು ಮೈಲು. ವಿಮಾನಕ್ಕ ನಾಕೂವರಿ ತಾಸು."

ಹಿಂದೆಯೇ ಬಂದಿದ್ದ ಭಾವನವರು ನಕ್ಕರು. "ನಾಕೂವರಿ ತಾಸಿನ್ಯಾಗ ನಮ್ಮ ಚಕ್ಕಡಿ ಕುಡಚಿ ಟೇಶನ್ ಮುಟ್ಟೂದಿಲ್ಲ, ನೀವು ದಿಲ್ಲಿ ಮುಟ್ಟತೀರೇನು?" ಆಮೇಲೆ ದನಿ ತಗ್ಗಿಸಿ, "ಬ್ಯಾಡ್ರಿ ಮಾಸ್ತರ. ಮ್ಯಾಲಿಂದ ಬಿದ್ದರ ಎಲ್ಲಿ ಅಂತ ಹುಡುಕಲಿ?" ಎಂದರು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅಕ್ಕನನ್ನು ಬಿಟ್ಟು ಇದ್ದವರಲ್ಲ ಅವರು.

ಅಕ್ಕ ಕಾಗದ ಮಡಚಿಕೊಂಡಳು. "ನಾ ನೇದ ಸೀರಿ ಎಲ್ಲೆಲ್ಲೋ ಹೋಗ್ಯಾವು. ಅವು ಹೋಗೂ ಊರು ನಾನೂ ಒಮ್ಮೆ ನೋಡಿ ಬರತೀನ್ರಿ."

ಎರಡು ದಿನ ಭಾವನವರು ಬ್ಯಾಡ ಬ್ಯಾಡ ಎನ್ನುತ್ತಲೇ ಇದ್ದರು. ಮೂರನೆಯ ದಿನ ತಾವೇ ಚಕ್ಕಡಿ ಹೂಡಿ ನಮ್ಮಿಬ್ಬರನ್ನು ಕುಡಚಿಗೆ ಮುಟ್ಟಿಸಿ, ರೈಲುಗಾಡಿ ಕದಲುವಾಗ ರೊಟ್ಟಿಯ ಗಂಟನ್ನು ಕಿಟಕಿಯಿಂದ ಒಳಗೆ ತುರುಕಿದರು.

ಪುಣೆಯಲ್ಲಿ ಗಾಡಿ ಬದಲಿಸಿ, ಮುಂಬಯಿ ಸೇರಿ, ವಿಮಾನ ಹತ್ತಿದೆವು. ಅದು ನೆಲ ಬಿಡುತ್ತಲೇ ಭೂಗೋಳದ ಮಾಸ್ತರನು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದನು. ತಾಸು ದಾಟಿದ ಮೇಲೆ ಅಕ್ಕ ತಿವಿದಳು.

"ಕಣ್ಣ ತೆಗಿಯೋ! ಕೆಳಗ ಹೊಳಿ ಕಾಣಾಕತ್ತೈತಿ. ಯಾವುದದು?"

ಒಂದು ಕಣ್ಣು ತೆರೆದೆ. "ತಾಪಿ," ಎಂದೆ ಗಂಭೀರವಾಗಿ.

ಪಕ್ಕದ ಪ್ರಯಾಣಿಕರೊಬ್ಬರು ಮೆಲ್ಲಗೆ "ನರ್ಮದಾ" ಎಂದರು. ಅಕ್ಕ ನಕ್ಕಳು, ನನಗೂ ನಗು ಬಂತು, ನಗುವಿನ ಹಿಂದೆಯೇ ಭಯ ಇಳಿಯಿತು. ಹನ್ನೆರಡು ವರ್ಷ ನೀಲಿ ಗೆರೆಯಾಗಿ ಕಲಿಸಿದ ನದಿ ಬಿಸಿಲಿನಲ್ಲಿ ಹೊಳೆಯುತ್ತ ಹರಿಯುತ್ತಿತ್ತು. ಅದು ಮರೆಯಾಗುವವರೆಗೂ ಕಿಟಕಿಗೆ ಮೂಗು ಹಚ್ಚಿ ನೋಡಿದೆ.

ದಿಲ್ಲಿಯಲ್ಲಿ ಮೊದಲ ದಿನ ಹೊಸ ಮಗ್ಗ ಕೈಗೆ ಹೊಂದದೆ ಅಕ್ಕನ ಎಳೆ ಎರಡು ಸಲ ಕಡಿಯಿತು. ನೋಡುತ್ತ ನಿಂತಿದ್ದ ಪಂಜಾಬಿ ಮುದುಕಿಯೊಬ್ಬಳು ಬಳಿಗೆ ಬಂದು, ತನ್ನ ಕೈಯಿಂದಲೇ ಗಂಟು ಹಾಕಿದಳು. ಅವಳೂ ನೇಕಾರಳಂತೆ. ಭಾಷೆ ಬಲ್ಲವನೆಂದು ಹೋದ ನನಗೆ ಕೆಲಸವೇ ಉಳಿಯಲಿಲ್ಲ. ಅವರಿಬ್ಬರೂ ಸಂಜೆಯವರೆಗೆ ಬೆರಳಿನಲ್ಲೇ ಮಾತಾಡಿಕೊಂಡರು. ಮರುದಿನದಿಂದ ಲಾಳಿ ಸರಸರನೆ ಓಡಿತು.

ಕೊನೆಯ ದಿನ ಅಧಿಕಾರಿ ಬಂದು, ಮುಂದಿನ ಪ್ರದರ್ಶನ ಕಲಕತ್ತೆಯಲ್ಲಿ, ಬರುವಿರಾ ಎಂದು ಕೇಳಿದರು. ನಾನು ಅನುವಾದ ಮುಗಿಸುವ ಮೊದಲೇ ಅಕ್ಕ ಹೂಂ ಎಂದು ತಲೆಯಾಡಿಸಿದಳು.

"ಭಾವನವರನ್ನ ಕೇಳೂದು ಬ್ಯಾಡೇನು?" ಎಂದೆ.

"ಕೇಳತೀನಿ," ಅಂದಳು. "ನೀವೂ ಬರತೀರೇನ್ರಿ ಅಂತ ಕೇಳತೀನಿ."